ಭುಜದೊಳಗಿನ ಕೊಕ್ಕೆ

ಹಲಸು ಕೊಯ್ಯುವ ಕೊಕ್ಕೆಗೂ ಎಂಆರ್‌ಐ ಯಂತ್ರಕ್ಕೂ ಎಂತ ಸಂಬಂಧ ಎಂದು ಕೇಳಬೇಡಿ, ಉಂಟು ಮಾರಾಯ್ರೆ. ಉಡುಪಿ ಕಡೆ ಮೇ ತಿಂಗಳಿಡೀ ಕೊಕ್ಕೆ ಹಿಡಿದು ಮರದ ತುದಿ ನೋಡುತ್ತಾ ನಿಂತವರು, ಮಳೆ ಹಿಡಿಯುವ ಹೊತ್ತಿಗೆ ಅಂಗಿಯ ತೋಳಿಗೆ ಕೈ ತೂರಿಸಲಾಗದೆ "ಅಯ್ಯಬ್ಬ" ಎನ್ನುತ್ತಿರುತ್ತಾರೆ. ಸಿಟಿ ಬಸ್ಸಿನ ಸರಳಿಗೆ ಜೋತುಬಿದ್ದು ಮಂಗಳೂರಿನ ಹಂಪನಕಟ್ಟೆಯಿಂದ ಸುರತ್ಕಲ್‌ವರೆಗೆ ಹೋಗುವವರ ಪಾಡೂ ಇದೇ. ಕೈಯನ್ನು ಪಕ್ಕದಿಂದ ಎತ್ತುವಾಗ ಸುಮಾರು 60ರಿಂದ 120 ಡಿಗ್ರಿಯ ನಡುವೆ ಜೀವ ಹೋಗುತ್ತದೆ, ಅದನ್ನು ದಾಟಿದರೆ ತುಸು ಹಗುರ.

ಭುಜದ ಮೇಲೆ ಅಕ್ರೋಮಿಯನ್ ಎಂಬ ಎಲುಬಿನ ಮಾಡು. ಅದರಡಿಯಲ್ಲಿ, ಕೈ ಎತ್ತಲು ನೆರವಾಗುವ ಸುಪ್ರಾಸ್ಪೈನೇಟಸ್ ಸ್ನಾಯುವನ್ನು ಎಲುಬಿಗೆ ಕಟ್ಟುವ ರಜ್ಜು, ನಡುವೆ ಬರ್ಸಾ ಎಂಬ ತೆಳ್ಳನೆಯ ಚೀಲ. ಇವೆಲ್ಲ ಸೇರಿ ಸಂಸಾರ ಮಾಡುವ ಸಂದು ಒಂದು ಸೆಂಟಿಮೀಟರ್ ಆಸುಪಾಸಿನದ್ದು. ಅಲ್ಲಿ ಒತ್ತಿ ಉಜ್ಜಿಕೊಳ್ಳುವುದನ್ನೇ ಇಂಪಿಂಜ್‌ಮೆಂಟ್ ಎಂದು ಅಮೆರಿಕದ ಶಸ್ತ್ರವೈದ್ಯ ಚಾರ್ಲ್ಸ್ ನೀರ್ 1972ರಲ್ಲಿ ವಿವರಿಸಿದ್ದು.

ಎಂಆರ್‌ಐ ಎಂದರೆ ದೊಡ್ಡ ಅಯಸ್ಕಾಂತದ ಸುರಂಗದೊಳಗೆ ಮಲಗಿಸಿ ಮೈಯೊಳಗಿನ ಚಿತ್ರ ತೆಗೆಯುವುದು. ಅದಕ್ಕೆ ಬರೆದುಕೊಟ್ಟರೆಂದರೆ ಫಜೀತಿ ಬಾಗಿಲಲ್ಲೇ ಶುರು. "ಅಮ್ಮ, ತಲೆಯಲ್ಲಿ ಪಿನ್ ಉಂಟಾ?" "ಇಲ್ಲ ಮಗಾ." ಶಂಕರಪುರ ಮಲ್ಲಿಗೆಯ ಚೆಂಡನ್ನು ಬಿಚ್ಚಿಸಿದರೆ ನಾಲ್ಕು ಪಿನ್ನು ಉದುರುತ್ತವೆ. ಆಮೇಲೆ ಸೆರಗಿನ ಸೇಫ್ಟಿ ಪಿನ್, ಗಂಡಸರಾದರೆ ಬೆಲ್ಟು, ಚಿಲ್ಲರೆ, ಎಟಿಎಂ ಕಾರ್ಡು. ಚಿನ್ನವನ್ನು ಅಯಸ್ಕಾಂತ ಎಳೆಯುವುದಿಲ್ಲ ಎಂದು ವಾದಿಸುವವರಿದ್ದಾರೆ. ಎಳೆಯದು, ನಿಜ. ಆದರೆ ಕುತ್ತಿಗೆಯ ಸರ ಭುಜದ ಬದಿಯ ಚಿತ್ರವನ್ನು ಕೆಡಿಸುತ್ತದೆ, ಬಿಸಿಯೂ ಆದೀತು. ನೋವಿಗೆಂದು ಅಂಟಿಸಿಕೊಂಡ ಔಷಧದ ಪಟ್ಟಿಯನ್ನು ಯಾರೂ ಹೇಳುವುದೇ ಇಲ್ಲ. ಕೆಲವು ಪಟ್ಟಿಗಳ ಹಿಂದೆ ಅಲ್ಯೂಮಿನಿಯಂ ಪದರ ಇರುತ್ತದೆ, ಚರ್ಮ ಸುಡಬಹುದು. ಪೇಸ್‌ಮೇಕರ್, ಮೆದುಳಿನ ಕ್ಲಿಪ್ಪು ಇದ್ದವರಂತೂ ಹೊರಗಿರುವಾಗಲೇ ಬಾಯಿಬಿಡಬೇಕು. ಯಂತ್ರ "ಆಫ್" ಇದೆ ಎಂದುಕೊಳ್ಳುವುದು ದೊಡ್ಡ ತಪ್ಪು. ರಾತ್ರಿಯೂ, ಭಾನುವಾರವೂ ಅಯಸ್ಕಾಂತ ಎದ್ದೇ ಇರುತ್ತದೆ.

ಮತ್ತೊಂದು ಮಾತು: ಸ್ಕ್ಯಾನು 20–30 ನಿಮಿಷದ್ದು. ದಾರಿಯಲ್ಲಿ ಬೊಂಡ ಕುಡಿದು ಬಂದವರು ಮೊದಲು ಶೌಚಾಲಯದ ಕಡೆ ಹೋಗಿಬರಲಿ.

ನಿಜವಾದ ಕುಸುರಿ ಇರುವುದು ಮಲಗಿಸುವುದರಲ್ಲಿ. ಸುರಂಗದ ಅಗಲ ಸಾಮಾನ್ಯವಾಗಿ 60 ಅಥವಾ 70 ಸೆಂಟಿಮೀಟರ್. ನಮ್ಮ ಭುಜವೋ ನಡುವಿನಲ್ಲಿಲ್ಲ, ಬದಿಯಲ್ಲಿದೆ. ಅಯಸ್ಕಾಂತ ಕ್ಷೇತ್ರ ಸಮವಾಗಿರುವುದು ನಟ್ಟನಡುವೆ. ಅಂಚಿಗೆ ಸರಿದಷ್ಟೂ ಕೊಬ್ಬಿನ ಬಿಳುಪನ್ನು ಅಳಿಸುವ ತಂತ್ರ ಕೈಕೊಟ್ಟು ಚಿತ್ರ ಅಲ್ಲಲ್ಲಿ ಬೆಳ್ಳಗಾಗುತ್ತದೆ. ಅದಕ್ಕೇ, ನೋಯುವ ಭುಜ ನಡುವಿಗೆ ಬರಲೆಂದು, ಟೆಕ್ನೀಷಿಯನ್ ನಿಮ್ಮನ್ನು ನೋವಿಲ್ಲದ ಬದಿಗೆ ತಳ್ಳಿ, ಸುರಂಗದ ಗೋಡೆಗೆ ಒತ್ತಿ ಮಲಗಿಸುವುದು. ಸಿಟ್ಟಾಗಬೇಡಿ. ನೇತ್ರಾವತಿ ಸೇತುವೆ ದಾಟುವ ಬಸ್ಸಿನಲ್ಲಿ ಇದಕ್ಕಿಂತ ಹೆಚ್ಚು ಒತ್ತಿಸಿಕೊಂಡಿದ್ದೀರಿ.

ಕೈ ಪಕ್ಕದಲ್ಲಿ ಚಾಚಿರಬೇಕು, ಅಂಗೈ ಮೇಲೆ ನೋಡಬೇಕು, ಹೆಬ್ಬೆರಳು ಹೊರಗಡೆಗೆ. ಐದು ನಿಮಿಷ ಎಲ್ಲರೂ ಹೀಗೇ ಇರುತ್ತಾರೆ. ಆಮೇಲೆ ನಿದ್ದೆ ತೂಗುತ್ತದೆ, ಕೈ ಮೆಲ್ಲ ಒಳಗೆ ಹೊರಳುತ್ತದೆ, ಹಾಗೇ ಹೊಟ್ಟೆಯ ಮೇಲೆ ಏರಿ ಕೂರುತ್ತದೆ. ಒಳಗೆ ಹೊರಳಿದರೆ ಎರಡು ಸ್ನಾಯುರಜ್ಜುಗಳು ಚಿತ್ರದಲ್ಲಿ ಒಂದರ ಮೇಲೊಂದು ಬಿದ್ದು, ಇಲ್ಲದ ಗಾಯ ಇದ್ದಂತೆ ಕಾಣಬಹುದು. ಹೊಟ್ಟೆಯ ಮೇಲಿಟ್ಟರೆ ಪ್ರತಿ ಉಸಿರಿಗೂ ಭುಜ ಅಲುಗಿ ಚಿತ್ರ ಮಂಜು. ಕೈಯ ಮೇಲೆ ಮರಳಿನ ಚಿಕ್ಕ ಚೀಲ ಇಟ್ಟರೆ ಅದು ಶಿಕ್ಷೆಯಲ್ಲ, ಉಪಕಾರ. ಚೆಂಡೆಯನ್ನೂ ನಾಚಿಸುವ ಆ ಸದ್ದಿನಲ್ಲಿ ನಿದ್ದೆ ಹೇಗೆ ಬರುತ್ತದೋ! ಇಡೀ ರಾತ್ರಿ ಯಕ್ಷಗಾನದ ಆಟ ನೋಡಿ ಅಭ್ಯಾಸವಾದ ಊರಿದು, ಬರುತ್ತದೆ.

ಚಿತ್ರಗಳು ಮೂರು ಕಡೆಯಿಂದ, 3–4 ಮಿಲಿಮೀಟರ್ ದಪ್ಪದ ಹೋಳುಗಳಾಗಿ ಬರುತ್ತವೆ. ಇಲ್ಲಿ ಯಂತ್ರವೂ ಒಂದು ಕಣ್ಕಟ್ಟು ಮಾಡುತ್ತದೆ. ಕಪ್ಪಗೆ ಕಾಣಬೇಕಾದ ಸ್ನಾಯುರಜ್ಜು, ಅಯಸ್ಕಾಂತ ಕ್ಷೇತ್ರಕ್ಕೆ ಸುಮಾರು 55 ಡಿಗ್ರಿ ಓರೆಯಾದ ಕಡೆ, ಏನೂ ಆಗದಿದ್ದರೂ ಬೆಳ್ಳಗೆ ಹೊಳೆಯುತ್ತದೆ. ಸುಪ್ರಾಸ್ಪೈನೇಟಸ್ ಎಲುಬಿಗೆ ಅಂಟುವ ಮೊದಲು ಬಾಗುವುದು ಸರಿಯಾಗಿ ಅಲ್ಲೇ. ಇದಕ್ಕೆ ಮ್ಯಾಜಿಕ್ ಆಂಗಲ್ ಎಂದೇ ಹೆಸರು. ಒಂದೇ ಜಾಗವನ್ನು ಯಂತ್ರ ಟಿ1, ಪಿಡಿ, ಟಿ2 ಎಂಬ ಬೇರೆಬೇರೆ ಬಗೆಯ ಚಿತ್ರಗಳಾಗಿ ತೆಗೆಯುತ್ತದೆ. ಟಿ1, ಪಿಡಿ ಚಿತ್ರಗಳಲ್ಲಿ ಹೊಳೆದದ್ದು ಟಿ2ದಲ್ಲಿ ಮಾಯವಾದರೆ ಕಣ್ಕಟ್ಟು. ಟಿ2ದಲ್ಲೂ ನೀರಿನಂತೆ ಬೆಳ್ಳಗಿದ್ದರೆ ಹರಿದಿದೆ ಎಂದು ಅನುಮಾನಿಸಬೇಕು.

ಇನ್ನು ರಿಪೋರ್ಟು. ಅಕ್ರೋಮಿಯನ್ನಿನ ಆಕಾರಗಳನ್ನು ಅಮೆರಿಕದ ಶಸ್ತ್ರವೈದ್ಯ ಬಿಗ್ಲಿಯಾನಿ 1986ರಲ್ಲಿ ಮೂರಾಗಿ ವಿಂಗಡಿಸಿದರು: ಚಪ್ಪಟೆ, ಬಾಗಿದ್ದು, ಕೊಕ್ಕೆ. ಮೂರನೆಯದು ಎಂದು ಬರೆದಿದ್ದರೆ ಮನೆಯಲ್ಲಿ ಸೂತಕದ ಕಳೆ. ಹಲಸಿನ ಕೊಕ್ಕೆಯೇ ಮುರಿದು ಒಳಗೆ ಸೇರಿತೋ ಎಂಬಷ್ಟು! ಆ ವಿಂಗಡಣೆ ಹುಟ್ಟಿದ್ದು ಎಕ್ಸ್‌ರೇಗೆ. ಎಂಆರ್‌ಐಯಲ್ಲಿ ಒಂದು ಹೋಳಿನಲ್ಲಿ ಕೊಕ್ಕೆಯಾದದ್ದು ಪಕ್ಕದ ಹೋಳಿನಲ್ಲಿ ಬರೀ ಬಾಗು ಆಗಿರಬಹುದು. "ಪಾರ್ಷಿಯಲ್ ಟೇರ್", ಅಂದರೆ ರಜ್ಜು ಅರ್ಧ ಹರಿದಿದೆ ಎಂದು ಓದಿ ಕಣ್ಣೀರಿಡುವವರಿಗೆ 1995ರ ಒಂದು ಅಮೆರಿಕನ್ ಅಧ್ಯಯನ ಸಮಾಧಾನ ಹೇಳೀತು: ಭುಜದ ನೋವೇ ಇಲ್ಲದ 96 ಮಂದಿಯನ್ನು ಎಂಆರ್‌ಐಗೆ ಮಲಗಿಸಿದಾಗ, 60 ದಾಟಿದವರಲ್ಲಿ 54 ಶೇಕಡಾ ಜನರಿಗೆ ರಜ್ಜು ಪೂರ್ತಿಯೋ ಅರ್ಧವೋ ಹರಿದಿತ್ತು.

ತಮಾಷೆ ಎಂದರೆ, ನೋಯುವುದು ಕೈ ಎತ್ತಿದಾಗ, ಚಿತ್ರ ತೆಗೆಯುವುದು ಕೈ ಇಳಿಸಿ ಮಲಗಿದಾಗ. ಒತ್ತಿದ್ದರ ಗುರುತು ಸಿಕ್ಕೀತು, ಒತ್ತುವುದು ಕಾಣದು. ಮೊದಲ ದಿನ ಡಾಕ್ಟ್ರು ಹೆಗಲನ್ನು ಒಂದು ಕೈಯಲ್ಲಿ ಒತ್ತಿಹಿಡಿದು, ಇನ್ನೊಂದರಲ್ಲಿ ನಿಮ್ಮ ತೋಳನ್ನು ಮೇಲಕ್ಕೆತ್ತಿದಾಗ ನೀವು ಕೂಗಿಕೊಂಡಿರಲ್ಲ, ಅವರ ಚೀಟಿಯ ಮೊದಲ ಸಾಲು ಅದು. ಆದ್ದರಿಂದ ಎರಡನೆಯ ಸಲ ಹೋಗುವಾಗ ಫಿಲ್ಮಿನ ದೊಡ್ಡ ಲಕೋಟೆಯನ್ನು ನೋಯುವ ಕೈಯಲ್ಲೇ ಎತ್ತಿಹಿಡಿದು ಬಸ್ಸು ಹತ್ತಬೇಡಿ.