ಲ್ಯಾಪ್‌ಟಾಪ್ ಸಸ್ಪೆಂಡ್ ಆದಾಗ ಟೈಮರ್‌ಗಳೂ ಆರಬೇಕೆ?

ಪರ: ಪೂರ್ತಿ ಆರಿಸುವುದೇ ಸರಿ

ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚುವವರು ಯಂತ್ರ ಕೆಲಸ ನಿಲ್ಲಿಸಲಿ ಎಂದೇ ಮುಚ್ಚುತ್ತಾರೆ. ಎಸ್3 ಎಂಬ ಸಸ್ಪೆಂಡ್ ಸ್ಥಿತಿ (ತೆರೆದ ಕೆಲಸ ಉಳಿಸಿಕೊಂಡೇ ಯಂತ್ರ ಮಲಗುವುದು) ಈ ಅಪೇಕ್ಷೆಯನ್ನು ಬಹುಕಾಲ ನಡೆಸಿಕೊಟ್ಟಿತು. ಅದರಲ್ಲಿ ಮೆಮೊರಿ ತನ್ನ ದತ್ತಾಂಶವನ್ನು ಉಳಿಸಿಕೊಳ್ಳುವಷ್ಟು ವಿದ್ಯುತ್ ಮಾತ್ರ ಹರಿಯುತ್ತದೆ; ಪ್ರೊಸೆಸರ್‌ಗೂ ಅದರೊಳಗಿನ ಟೈಮರ್‌ಗಳಿಗೂ (ಗೊತ್ತಾದ ಹೊತ್ತಿಗೆ ಸೂಚನೆ ಕೊಡುವ ಭಾಗಗಳು) ಕಡಿತ. ಕಾಲದ ಲೆಕ್ಕವನ್ನು ಆರ್‌ಟಿಸಿ (ರಿಯಲ್ ಟೈಮ್ ಕ್ಲಾಕ್) ನೋಡಿಕೊಳ್ಳುತ್ತದೆ. 1984ರ ಐಬಿಎಂ ಪಿಸಿ ಎಟಿ ಕಾಲದಿಂದಲೂ ಪಿಸಿಗಳಲ್ಲಿರುವ ಈ ಪುಟ್ಟ ಗಡಿಯಾರ, ಸೆಕೆಂಡಿಗೆ 32,768 ಬಾರಿ ಕಂಪಿಸುವ ಹರಳಿನ ಆಧಾರದಲ್ಲಿ, ಯಂತ್ರ ಆಫ್ ಆಗಿದ್ದರೂ ಬ್ಯಾಟರಿಯಿಂದ ನಡೆಯುತ್ತದೆ. ಯಂತ್ರ ಮತ್ತೆ ಎದ್ದಾಗ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್ ಅದನ್ನು ಓದಿ, ಮಲಗುವ ಮುನ್ನ ಓದಿದ್ದ ಸಮಯವನ್ನು ಅದರಿಂದ ಕಳೆದು, ಉಳಿದ ಅವಧಿಯನ್ನು ತನ್ನ ಗಡಿಯಾರಕ್ಕೆ ಸೇರಿಸುತ್ತದೆ. ಬೆಳಿಗ್ಗೆ ಐದಕ್ಕೆ ಯಂತ್ರ ತಾನಾಗಿಯೇ ಏಳಬೇಕೆಂದರೆ ಆರ್‌ಟಿಸಿಗೆ ಅಲಾರಂ ಇಡುವ ಸೌಲಭ್ಯವೂ ಇದೆ. ಇಷ್ಟಿದ್ದ ಮೇಲೆ ಇನ್ನೊಂದು ಟೈಮರ್ ಯಾಕೆ ಎಚ್ಚರವಿರಬೇಕು?

ಚಾಲೂ ಇರುವ ಟೈಮರ್ ಇಂಟರಪ್ಟ್ ಎಂಬ ಎಚ್ಚರಿಕೆಯ ಸಂಕೇತ ಕಳಿಸುತ್ತದೆ, ಇಂಟರಪ್ಟ್ ಪ್ರೊಸೆಸರನ್ನು ಎಬ್ಬಿಸುತ್ತದೆ, ಎದ್ದ ಪ್ರೊಸೆಸರ್ ಬ್ಯಾಟರಿ ಕುಡಿಯುತ್ತದೆ. ಲಿನಕ್ಸ್ ಕರ್ನಲ್ ಬರೆಯುವವರಿಗೆ ಇದು ಚೆನ್ನಾಗಿ ಗೊತ್ತು. ಸಸ್ಪೆಂಡ್-ಟು-ಐಡಲ್ ಸ್ಥಿತಿಯಲ್ಲಿ ಪ್ರೊಸೆಸರ್ ಆರದೆ ಆಳವಾದ ಐಡಲ್‌ಗೆ, ಎಂದರೆ ಕೆಲಸವಿಲ್ಲದ ವಿಶ್ರಾಂತಿಗೆ, ಮಾತ್ರ ಇಳಿಯುತ್ತದೆ. ಅಲ್ಲಿಯೂ ಕೊನೆಯ ಸಿಪಿಯು (ಪ್ರೊಸೆಸರ್ ಕೋರ್) ಮಲಗುವಾಗ, ಆಗಾಗ ಬರುವ ಟೈಮರ್ ಇಂಟರಪ್ಟಾದ ಟಿಕ್ಕನ್ನೂ ಕಾಲಗಣನೆಯನ್ನೂ ನಿಲ್ಲಿಸಲು 2015ರ 4.0 ಆವೃತ್ತಿಯಲ್ಲಿ ಅವರು ಏರ್ಪಾಟು ಮಾಡಿದರು.

ಶಿವಮೊಗ್ಗಕ್ಕೆ ಹೋಗುವ ರಾತ್ರಿ ಬಸ್ಸಿನಲ್ಲಿ ನನ್ನ ತಂಗಿ ತೊಡೆಯ ಮೇಲೆ ಇಟ್ಟುಕೊಂಡಿದ್ದ ಬ್ಯಾಗು ತರೀಕೆರೆ ದಾಟುವ ಹೊತ್ತಿಗೆ ಇಸ್ತ್ರಿಪೆಟ್ಟಿಗೆಯಂತೆ ಕಾದಿತ್ತು. ಜಿಪ್ ತೆಗೆದರೆ ಒಳಗೆ ಫ್ಯಾನು ಜೋರಾಗಿ ತಿರುಗುತ್ತಿತ್ತು, ಮುಚ್ಚಳ ಮಾತ್ರ ಮುಚ್ಚಿಯೇ ಇತ್ತು. ಮರುದಿನ ಕಾಲೇಜಿನಲ್ಲಿ ಪ್ರಾಜೆಕ್ಟ್ ತೋರಿಸಬೇಕಾದವಳು ಚಾರ್ಜರ್ ಸಿಕ್ಕಿಸಲು ಜಾಗ ಹುಡುಕುತ್ತಾ ಅಲೆದಳು. ಆಮೇಲೆ ಲಾಗ್ ತೆರೆದು ನೋಡಿದಾಗ ರಾತ್ರಿಯುದ್ದಕ್ಕೂ ಯಂತ್ರ ಎದ್ದು ಮಲಗಿ, ಎದ್ದು ಮಲಗಿ ಮಾಡಿದ್ದು ಸಾಲುಸಾಲಾಗಿ ಕಾಣಿಸಿತು. ಹೆಚ್ಚಿನ ಸಾಲುಗಳಲ್ಲಿ ಎಬ್ಬಿಸಿದ್ದು ಟೈಮರ್. ಆ ಲ್ಯಾಪ್‌ಟಾಪಿನ ಫರ್ಮ್‌ವೇರ್‌ನಲ್ಲಿ (ಯಂತ್ರದೊಳಗೇ ಕೂತಿರುವ ಮೂಲ ತಂತ್ರಾಂಶ) ಎಸ್3 ಆಯ್ಕೆಯೇ ಇರಲಿಲ್ಲ. ದುಡ್ಡು ಕೊಟ್ಟು ಕೊಂಡವರಿಗೆ ಯಂತ್ರವನ್ನು ನಿಜವಾಗಿ ಮಲಗಿಸುವ ಹಕ್ಕು ಇರಬೇಡವೆ?

ಟೈಮರ್ ಆರಿಸಬೇಡಿ ಎನ್ನುವವರ ಅಳಲು ಇಷ್ಟೇ: ಟೈಮರಿನ ರಿಜಿಸ್ಟರುಗಳನ್ನು (ಅದರ ಸ್ಥಿತಿ ಹಿಡಿದಿಡುವ ಪುಟ್ಟ ಜಾಗಗಳು) ಉಳಿಸಿಟ್ಟು ಮತ್ತೆ ತುಂಬುವುದು ತಾಪತ್ರಯ, ಕ್ಲಾಕ್ ಸಂಕೇತ ಹರಿಯುವ ಮೊದಲೇ ರಿಜಿಸ್ಟರ್ ಮುಟ್ಟಿದರೆ ಕೆಲವು ಚಿಪ್‌ಗಳಲ್ಲಿ ಬಸ್ ಎರರ್ (ಚಿಪ್ಪಿನೊಳಗಿನ ಸಂಪರ್ಕಮಾರ್ಗದ ದೋಷ) ಬರುತ್ತದೆ. ಯಂತ್ರಭಾಗಗಳನ್ನು ನಡೆಸುವ ಡ್ರೈವರ್ ತಂತ್ರಾಂಶ ಬರೆಯುವವರ ಶ್ರಮ ಉಳಿಸಲು ಬಳಸುವವರ ಬ್ಯಾಟರಿ ಬರಿದಾಗಬೇಕೆನ್ನುವುದು ನ್ಯಾಯವಲ್ಲ.

ವಿರೋಧ: ಎಣಿಕೆಯಾದರೂ ಉಳಿಯಲಿ

ಈ ಪಕ್ಷ ವಹಿಸಲು ಕೇಳಿದ್ದರಿಂದ ಬರೆಯುತ್ತಿದ್ದೇನೆ. ಬೇಡದ ಟೈಮರ್‌ಗಳು ಆರಬೇಕೆಂಬುದರಲ್ಲಿ ನನಗೂ ಭಿನ್ನಾಭಿಪ್ರಾಯವಿಲ್ಲ. ಆದರೆ ಎಣಿಸುವ ಕೌಂಟರ್ ಬೇರೆ, ಇಂಟರಪ್ಟ್ ಕಳಿಸುವ ಟೈಮರ್ ಬೇರೆ ಎಂಬುದನ್ನು ಮೊದಲು ಗಮನಿಸಬೇಕು. ಎಬ್ಬಿಸುವುದು ಎರಡನೆಯದು. ಆರ್ಮ್ ಎಂಬ ಪ್ರೊಸೆಸರ್ ವಿನ್ಯಾಸದಲ್ಲಿ ಸಿಸ್ಟಂ ಕೌಂಟರ್ ಸದಾ ವಿದ್ಯುತ್ ಇರುವ ಭಾಗದಲ್ಲಿರುತ್ತದೆ, ಪ್ರೊಸೆಸರ್ ಜೊತೆಗಿನ ಟೈಮರ್ ಪ್ರೊಸೆಸರ್ ಜೊತೆಗೇ ಆರಬಹುದು.

ಆರ್‌ಟಿಸಿಯನ್ನಷ್ಟೇ ನೆಚ್ಚುವುದರಲ್ಲಿ ತೊಡಕಿದೆ. ಸಾಮಾನ್ಯವಾಗಿ ಅದು ಇಡೀ ಸೆಕೆಂಡುಗಳನ್ನು ಮಾತ್ರ ಹೇಳುವುದರಿಂದ ಒಂದೊಂದು ಸಸ್ಪೆಂಡಿಗೂ ಸುಮಾರು ಒಂದು ಸೆಕೆಂಡಿನವರೆಗೆ ತಪ್ಪು ನುಸುಳಬಹುದು. ದಿನಕ್ಕೆ ಹತ್ತಾರು ಬಾರಿ ಮಲಗುವ ಯಂತ್ರದಲ್ಲಿ ಈ ತಪ್ಪು ಕೂಡುತ್ತಾ ಹೋಗದಿರಲೆಂದು ಕರ್ನಲ್‌ನಲ್ಲಿ ಪ್ರತ್ಯೇಕ ಸರಿಹೊಂದಿಕೆಯನ್ನೇ ಬರೆದಿದ್ದಾರೆ. ಸಸ್ಪೆಂಡ್‌ನಲ್ಲೂ ನಿಲ್ಲದ ಕೌಂಟರ್ ಇದ್ದರೆ ಅದನ್ನೇ ಬಳಸುವ ವ್ಯವಸ್ಥೆ 2013ರಲ್ಲಿ ಲಿನಕ್ಸ್ 3.10 ಆವೃತ್ತಿಗೆ ಸೇರಿತು.

ಮಲಗಿದ ಅವಧಿಯನ್ನೂ ಎಣಿಸುವ ಬೂಟ್‌ಟೈಮ್ ಗಡಿಯಾರ 2011ರಿಂದಲೇ ಲಿನಕ್ಸ್‌ನಲ್ಲಿದೆ, ಅದು ಬೇಕಾದ ಪ್ರೋಗ್ರಾಂಗಳೂ ಇವೆ. ಮಲಗಿದ ಅವಧಿಯನ್ನು ಎಣಿಸದ ಮೊನೊಟೋನಿಕ್ ಗಡಿಯಾರವೂ (ಎಂದೂ ಹಿಂದಕ್ಕೆ ಹೋಗದ್ದು) ಹಾಗೆಯೇ ಎಣಿಸಲಿ ಎಂದು 2018ರಲ್ಲಿ 4.17ಕ್ಕೆ ತಂದ ಬದಲಾವಣೆಯಿಂದ ಕೆಲವು ಪ್ರೋಗ್ರಾಂಗಳು ಕೆಟ್ಟಿದ್ದರಿಂದ ಬಿಡುಗಡೆಗೆ ಮುನ್ನವೇ ಅದನ್ನು ಹಿಂತೆಗೆದರು ಎಂಬುದು ನನ್ನ ವಾದಕ್ಕೆ ಅನುಕೂಲವಲ್ಲ, ಆದರೂ ಹೇಳಬೇಕಾದದ್ದು. ಬ್ಯಾಗಿನೊಳಗೆ ಯಂತ್ರ ಬಿಸಿಯಾಗುವ ದೂರನ್ನು ನಾನೂ ಕೇಳಿದ್ದೇನೆ. ಅಲ್ಲಿ ವಿಚಾರಿಸಬೇಕಾದದ್ದು ಯಾವ ಪ್ರೋಗ್ರಾಂ ಆ ಟೈಮರನ್ನು ಹೂಡಿತು ಎಂಬುದನ್ನು.