ಜೆಟ್‌ಗಳ ಡಿಕ್ಕಿ: ವಿಡಿಯೊ ಪಣಂಬೂರಿನದಲ್ಲ

ಪಣಂಬೂರು ಕಡಲತೀರದ ಮೇಲೆ ವಾಯುಪಡೆಯ ಎರಡು ಜೆಟ್‌ಗಳು ಡಿಕ್ಕಿಯಾದವು, ಅದಕ್ಕೂ ಮೊದಲೇ ಒಂದಕ್ಕೆ ಬೆಂಕಿ ಹತ್ತಿ ಹೊಗೆ ಬರುತ್ತಿತ್ತು ಎಂಬ ಒಕ್ಕಣೆಯೊಂದಿಗೆ ಮಂಗಳೂರು, ಉಡುಪಿಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿರುವ ವಿಡಿಯೊ ಇಲ್ಲಿಯದಲ್ಲ. ಅದು 2019ರ ಫೆಬ್ರವರಿ 19ರಂದು, ಏರೋ ಇಂಡಿಯಾ ವೈಮಾನಿಕ ಪ್ರದರ್ಶನದ ಮುನ್ನಾದಿನ, ಬೆಂಗಳೂರಿನ ಯಲಹಂಕದಲ್ಲಿ ತಾಲೀಮು ನಡೆಸುತ್ತಿದ್ದ, ವಾಯುಪಡೆಯ ಸಾಹಸ ಹಾರಾಟದ ಸೂರ್ಯಕಿರಣ್ ತಂಡದ ಎರಡು ಹಾಕ್ ವಿಮಾನಗಳು ಡಿಕ್ಕಿಯಾದ ದೃಶ್ಯ. ವಿಂಗ್ ಕಮಾಂಡರ್ ಸಾಹಿಲ್ ಗಾಂಧಿ ಮೃತಪಟ್ಟರು; ಇನ್ನಿಬ್ಬರು ಪೈಲಟ್‌ಗಳು ವಿಮಾನದಿಂದ ಹೊರಚಿಮ್ಮಿ ಪಾರಾದರು. ಅಂಥ ಸಾವಿಗೆ ಊರು ಬದಲಿಸಿ ಹಂಚುವುದು ತೀರಾ ಅಗ್ಗದ ಕೆಲಸ.

ಹೊಗೆಯೂ ಬೆಂಕಿಯ ಲಕ್ಷಣವಲ್ಲ. ಪ್ರದರ್ಶನದ ಜೆಟ್‌ಗಳಲ್ಲಿ ಪೈಲಟ್ ಗುಂಡಿ ಒತ್ತಿದಾಗ ಡೀಸೆಲ್‌ನಂಥ ತೈಲವು ಎಂಜಿನ್ನಿನ ಹಿಂಬದಿಯ ಬಿಸಿಗಾಳಿಗೆ ಚಿಮ್ಮಿ, ಆವಿಯಾಗಿ, ಹೊರಗಿನ ತಂಪಿಗೆ ಬಿಳಿ ಹೊಗೆಯಾಗುತ್ತದೆ. ಬಣ್ಣ ಬೇಕಿದ್ದರೆ ಅದಕ್ಕೆ ಬಣ್ಣ ಬೆರೆಸುತ್ತಾರೆ.

ಎದುರುಬದುರಾಗಿ ಬರುವ ಜೆಟ್‌ಗಳು ನೋಡುಗರ ಕಣ್ಣಿಗೆ ತಾಗಿದಂತೆಯೇ ಕಂಡರೂ, ಪ್ರತಿಯೊಂದಕ್ಕೂ ನಿಗದಿಯಾದ ಪ್ರತ್ಯೇಕ ಹಾದಿಯಿರುತ್ತದೆ. ನಿಜವಾದ ಅಪಾಯ ಹೆಚ್ಚಿರುವುದು ರೆಕ್ಕೆಗೆ ರೆಕ್ಕೆ ಹತ್ತಿರವಾಗಿ, ನೆಲಕ್ಕೆ ಸಮೀಪದಲ್ಲಿ ಹಾರುವಾಗ: ಅಲ್ಲಿ ತಪ್ಪನ್ನು ತಿದ್ದಿಕೊಳ್ಳಲು ಎತ್ತರವೂ ಇಲ್ಲ, ಸಮಯವೂ ಇಲ್ಲ.