ಎಲ್ಲಿಗೂ ಹೋಗದ ಸೈಕಲ್

ಮನೆಯೊಳಗೆ ಟ್ರೈನರ್ ಮೇಲೆ, ಅಂದರೆ ಸೈಕಲ್ಲನ್ನು ನಿಂತಲ್ಲೇ ಹಿಡಿದಿಟ್ಟು ತುಳಿಸುವ ಸ್ಟ್ಯಾಂಡಿನ ಮೇಲೆ, ಸೈಕಲ್ ತುಳಿಯುವವರೆಂದರೆ ರಸ್ತೆಗೆ ಹೆದರಿದವರು ಅಂತ ಜನರ ಲೆಕ್ಕ. ನನ್ನನ್ನು ಕೇಳಿದರೆ ಹೆದರಬೇಕಾದ್ದು ಟ್ರೈನರಿಗೆ. ರಸ್ತೆಯಲ್ಲಿ ಸುಸ್ತಾದರೆ ಎಲ್ಲೋ ಒಂದು ಇಳಿಜಾರು ಸಿಗುತ್ತದೆ, ಸಿಗ್ನಲ್ ಬೀಳುತ್ತದೆ, ಏನೂ ಇಲ್ಲವೆಂದರೆ 'ಆಹಾ, ಎಂಥ ನೋಟ!' ಅಂತ ನಿಂತು ಫೋಟೋ ತೆಗೆಯಬಹುದು. ಗೋಡೆಯ ಮುಂದೆ ಕೂತು ಯಾವ ನೆಪ ಹೇಳುವುದು?

ಅದರಲ್ಲೂ ಬಿಗಿಯನ್ನು ತಾನೇ ಏರಿಳಿಸುವ ಸ್ಮಾರ್ಟ್ ಟ್ರೈನರಿನಲ್ಲಿ, ಹೇಳಿದಷ್ಟು ವ್ಯಾಟ್ ನಮ್ಮಿಂದ ಹಿಂಡಿಯೇ ತೀರುವ ಅರ್ಗ್ ಮೋಡ್ ಇದೆಯಲ್ಲ, ಅದಕ್ಕೆ ದಯೆ ದಾಕ್ಷಿಣ್ಯ ಗೊತ್ತಿಲ್ಲ. 200 ವ್ಯಾಟ್ ಅಂತ ಒಮ್ಮೆ ಒಪ್ಪಿಕೊಂಡರೆ ಮುಗಿಯಿತು. ನೀವು ನಿಧಾನವಾದರೆ ಅದು ಬಿಗಿ ಮಾಡುತ್ತದೆ, ಬಿಗಿಯಾಯಿತೆಂದು ನೀವು ಇನ್ನೂ ನಿಧಾನ, ಅದು ಇನ್ನೂ ಬಿಗಿ. ಒಮ್ಮೆ ಜಾರಿದ ಟವೆಲ್ ಹಿಡಿಯಲು ಬಗ್ಗಿದ್ದೆ, ಅಷ್ಟರಲ್ಲಿ ಪೆಡಲ್ ನಿಂತೇ ಹೋಯಿತು. ಒಂದು ಮೊಣಕಾಲು ಎದೆಗೆ, ಇನ್ನೊಂದು ಕಾಲು ನೆಲದತ್ತ, ಕೈ ಗಾಳಿಯಲ್ಲಿ, ಶೂ ಪೆಡಲಿಗೆ ಕಚ್ಚಿಕೊಂಡಿದೆ. ಬಾಗಿಲಲ್ಲಿ ಇಣುಕಿದ ಮನೆಯವರು "ಇದು ಯಾವ ಆಸನ?" ಅಂದರು.

ಇನ್ನು ಹ್ಯಾಂಡಲ್ ಮೇಲೆ ತೊಟ್ಟಿಕ್ಕುವ ಉಪ್ಪು ಬೆವರು. ತುಳಿಯುವಾಗ ದೇಹ ಸುಡುವ ಶಕ್ತಿಯಲ್ಲಿ ಪೆಡಲಿಗೆ ತಲುಪುವುದು ಹೆಚ್ಚೆಂದರೆ ಕಾಲು ಭಾಗ, ಮಿಕ್ಕಿದ್ದೆಲ್ಲ ಶಾಖ. 200 ವ್ಯಾಟ್ ತುಳಿದರೆ ಕೋಣೆಗೆ 600 ವ್ಯಾಟಿಗೂ ಹೆಚ್ಚಿನ ಹೀಟರ್ ನಾನೇ. ರಸ್ತೆಯಲ್ಲಾದರೆ ಗಾಳಿ ಅದನ್ನು ಹೊತ್ತೊಯ್ಯುತ್ತದೆ. ಸಮತಟ್ಟು ರಸ್ತೆಯಲ್ಲಿ ವೇಗವಾಗಿ ಹೊರಟರೆ ಕಾಲಿನ ಬಲದ ಬಹುಪಾಲು ಆ ಗಾಳಿಯನ್ನು ಸೀಳಲಿಕ್ಕೇ ಹೋಗುತ್ತದೆ ಅಂತ ಅದಕ್ಕೆ ಎಷ್ಟು ಶಾಪ ಹಾಕಿದ್ದೇನೋ! ಈಗ ಅದೇ ಎದುರುಗಾಳಿಯನ್ನು ಫ್ಯಾನ್ ಇಟ್ಟು, ಕರೆಂಟು ಸುಟ್ಟು ಮುಖಕ್ಕೆ ಬಡಿಸಿಕೊಳ್ಳುತ್ತೇನೆ.

ಬೇಜಾರು ಕಳೆಯಲು ಸ್ವಿಫ್ಟ್ (Zwift) ಇದೆ, ನಾವು ತುಳಿದಂತೆ ಪರದೆಯ ಮೇಲೆ ನಮ್ಮ ಗೊಂಬೆ ಸೈಕಲ್ ಓಡಿಸುವ ಆ್ಯಪ್. ಪರದೆಯ ಮೇಲೆ 21 ತಿರುವುಗಳ ಬೆಟ್ಟ, ಫ್ರಾನ್ಸಿನ ಪ್ರಸಿದ್ಧ ಏರುದಾರಿ ಆಲ್ಪ್ ದ್ಯುಯೆಜ್‌ನ ಪಡಿಯಚ್ಚು. ಮುಂದಿನವನ ಬೆನ್ನಿಗೆ ಅಂಟಿಕೊಂಡರೆ, ರಸ್ತೆಯಲ್ಲಿ ಗಾಳಿ ತಪ್ಪಿದ ಹಾಗೆ, ಅಲ್ಲೂ ಶ್ರಮ ಕಡಿಮೆ. ಏರು ಹತ್ತುವ ವೇಗ ಮಾತ್ರ ನೀವು ನಮೂದಿಸಿದ ತೂಕದ ಮೇಲೆ ನಿಂತಿದೆ. ಹಾಗಾಗಿ ರೇಸ್ ಇರುವ ದಿನ ಅಲ್ಲಿ ಎಷ್ಟೋ ಜನ ದಿಢೀರ್ ಸಣ್ಣಗಾಗಿರುತ್ತಾರೆ. ನಾನಂತೂ ನಿಜವನ್ನೇ ಬರೆದಿದ್ದೇನೆ, ಮದುವೆಗೆ ಮುಂಚಿನ ನಿಜ.

ಕುಂಡೆಯ ಕಥೆ ಹೇಳುವಂತಿಲ್ಲ. ರಸ್ತೆಯಲ್ಲಿ ಹೊಂಡ ಕಂಡಾಗಲೆಲ್ಲ ಸೀಟು ಬಿಟ್ಟು ಏಳುತ್ತೇವೆ, ಸೈಕಲ್ಲೂ ಅತ್ತಿತ್ತ ವಾಲುತ್ತದೆ. ಇಲ್ಲಿ ಅದನ್ನು ಕಚ್ಚಿ ನಿಲ್ಲಿಸಿರುವುದರಿಂದ ಭಾರವೆಲ್ಲ ಒಂದೇ ಜಾಗಕ್ಕೆ. ಹೊಂಡಗಳಿಂದಲೂ ಉಪಕಾರವಿದೆ ಅಂತ ಗೊತ್ತಾದದ್ದು ಹೀಗೆ.

ಮೊನ್ನೆ ಸರ್ವಿಸಿಗೆ ಕೊಟ್ಟಾಗ ಮೆಕ್ಯಾನಿಕ್ ಹ್ಯಾಂಡಲ್ ಬಿಚ್ಚಿ, ತುಕ್ಕು ಹಿಡಿದ ಬೋಲ್ಟು, ಕೆಂಪಗಾದ ಬೇರಿಂಗ್ ಅಂಗೈಲಿಟ್ಟುಕೊಂಡು, "ಸಮುದ್ರದ ದಂಡೇಲಿ ಓಡಿಸ್ತೀರಾ ಸರ್?" ಅಂತ ಕೇಳಿದ.

"ಇಲ್ಲಪ್ಪ, ಇದು ಹೊಸ್ತಿಲು ದಾಟಿದ್ದು ಇವತ್ತೇ" ಅಂದೆ.